ಬೇರೆಯವರ ಬೆಂಕಿ

ಈ ಡಿಸೆಂಬರಿನ ರಜೆಗೆ ಲಾ ಪಾಲ್ಮಾ ದ್ವೀಪಕ್ಕೆ ಹೋಗುವುದೆಂದು ನಮ್ಮ ಮನೆಯಲ್ಲಿ ಮಾತಾಗಿ ಎರಡು ತಿಂಗಳಾಯಿತು. ಹೆಸರು ಹೇಳಿದರೆ ಆಫೀಸಿನಲ್ಲಿ ಹೆಚ್ಚಿನವರು ‘ಅದೆಲ್ಲಿ?’ ಅನ್ನುತ್ತಾರೆ. ಆಫ್ರಿಕದ ವಾಯವ್ಯ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ, ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಅದೂ ಒಂದು. (ನಮ್ಮ ಕೆನರಾಕ್ಕೂ ಅದಕ್ಕೂ ಸಂಬಂಧವಿಲ್ಲ, ಈಗಾಗಲೇ ನಾಲ್ಕು ಜನರಿಗೆ ಇದನ್ನು ಹೇಳಿದ್ದೇನೆ.) ಯುರೋಪು ಚಳಿಗೆ ಮುದುಡಿ ಕೂತಾಗ ಅಲ್ಲಿನ ಕರಾವಳಿಯಲ್ಲಿ ಇಪ್ಪತ್ತು ಡಿಗ್ರಿಯ ಆಸುಪಾಸಿನ ಹಿತವಾದ ಬಿಸಿಲು. ಹಿತವಾದ ಬಿಸಿಲು ಡಿಸೆಂಬರಿನಲ್ಲಿ ಪುಣೆಯಲ್ಲೂ ಉಂಟಲ್ಲ, ಅದಕ್ಕೆ ಲಕ್ಷಗಟ್ಟಲೆ ಯಾಕೆ ಸುರಿಯಬೇಕು ಎಂದು ನೀವು ಕೇಳಬಹುದು. ಮಗಳಿಗೆ ಹದಿನಾಲ್ಕು ವರ್ಷ, ನಕ್ಷತ್ರಗಳ ಹುಚ್ಚು. ಆ ದ್ವೀಪದ ನೆತ್ತಿಯ ಮೇಲೆ, ಸುಮಾರು 2,400 ಮೀಟರ್ ಎತ್ತರದಲ್ಲಿ, 10.4 ಮೀಟರ್ ಅಗಲದ ಕನ್ನಡಿಯ ಟೆಲಿಸ್ಕೋಪ್ ಇದೆ. ಅಲ್ಲಿನ ಇರುಳಿನ ಆಕಾಶ ಕೆಡಬಾರದೆಂದು 1988ರಲ್ಲೇ ಕಾನೂನು ಮಾಡಿ ಬೀದಿದೀಪಗಳಿಗೂ ಮಿತಿ ಹಾಕಿದ್ದಾರೆ. ಹಿಂಜೆವಾಡಿಯ ಆಕಾಶದಲ್ಲಿ ಕ್ರೇನುಗಳ ಕೆಂಪು ದೀಪ ಎಣಿಸಿ ಬೆಳೆದ ಹುಡುಗಿಗೆ ಇನ್ನೇನು ಬೇಕು?

ನಮ್ಮಂಥವರ ಮನೆಗಳಲ್ಲಿ ಪ್ರವಾಸ ಶುರುವಾಗುವುದು ಎಕ್ಸೆಲ್ ಹಾಳೆಯಿಂದ. ಒಂದು ಪುಟದಲ್ಲಿ ಶೆಂಗನ್ ವೀಸಾದ ಕಾಗದಪತ್ರ, ಇನ್ನೊಂದರಲ್ಲಿ ಮುಂಬೈಯಿಂದ ಮ್ಯಾಡ್ರಿಡ್, ಅಲ್ಲಿಂದ ದ್ವೀಪಕ್ಕೆ ಟಿಕೆಟ್ಟು, ಮತ್ತೊಂದರಲ್ಲಿ ‘ನೋಡಬೇಕಾದ್ದು’. ಈ ಕೊನೆಯ ಪುಟದ ನಾಲ್ಕನೆಯ ಸಾಲಿನಲ್ಲಿ ಮಗಳು ಬರೆದಿದ್ದಾಳೆ: ‘ಹೊಸ ಜ್ವಾಲಾಮುಖಿ, 2021, ಗೈಡ್ ಬೇಕು, ಅರ್ಧ ದಿನ.’ ಪಕ್ಕದಲ್ಲಿ ಐದು ಸ್ಟಾರ್. ಹೋಟೆಲು, ಟಿಕೆಟ್ಟು ಎಲ್ಲ ಮುಂದೆ ಸಾಗಿದರೂ ನಾನು ಮಾತ್ರ ಆ ಸಾಲಿನಲ್ಲೇ ನಿಂತಿದ್ದೇನೆ.

2021ರ ಸೆಪ್ಟೆಂಬರ್ 19ರ ಮಧ್ಯಾಹ್ನ ಆ ದ್ವೀಪದ ಕುಂಬ್ರೆ ವಿಯೆಹಾ ಎಂಬ ಬೆಟ್ಟಸಾಲಿನಲ್ಲಿ ನೆಲ ಬಾಯಿಬಿಟ್ಟಿತು. 85 ದಿನ ಉರಿದು ಡಿಸೆಂಬರ್ 13ರಂದು ತಣ್ಣಗಾಯಿತು. ಮುಗಿಯಿತೆಂದು ಅಧಿಕೃತವಾಗಿ ಸಾರಿದ್ದು ಕ್ರಿಸ್‌ಮಸ್ ದಿನ. ಜನರನ್ನು ಸಮಯಕ್ಕೆ ಸರಿಯಾಗಿ ಹೊರಡಿಸಿದ್ದರಿಂದ ಲಾವಾ ಜೀವಗಳನ್ನು ತಿನ್ನಲಿಲ್ಲ, ಊರುಗಳನ್ನು ತಿಂದಿತು. ಸುಮಾರು 7,000 ಮಂದಿ ಮನೆ ಬಿಟ್ಟರು. 1,600ಕ್ಕೂ ಹೆಚ್ಚು ಕಟ್ಟಡಗಳು, ಬಾಳೆತೋಟಗಳು, ರಸ್ತೆಗಳು, ಒಂದು ಸ್ಮಶಾನದ ಭಾಗ ಕೂಡ, ಒಟ್ಟು ಸುಮಾರು 1,200 ಹೆಕ್ಟೇರ್ ನೆಲ ಕಪ್ಪು ಕಲ್ಲಿನಡಿ ಹೋಯಿತು. ಇಡೀ ದ್ವೀಪದ ಜನಸಂಖ್ಯೆಯೇ ಎಂಬತ್ತು ಸಾವಿರ ಚಿಲ್ಲರೆ. ನಮ್ಮ ಒಂದು ತಾಲ್ಲೂಕಿಗೂ ಸಾಲದು.

ಆಗ ನಾನೂ ನೋಡಿದ್ದೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ರಾತ್ರಿಯ ಮೀಟಿಂಗುಗಳ ನಡುವೆ ಡ್ರೋನ್ ಚಿತ್ರಗಳನ್ನು ತೆರೆದಿಟ್ಟುಕೊಳ್ಳುತ್ತಿದ್ದೆ. ಕತ್ತಲೆಯ ಬೆಟ್ಟದಿಂದ ಕೆಂಪು ನದಿ ಇಳಿಯುವುದು, ಕೊನೆಗೆ ಕಡಲಿಗೆ ಬಿದ್ದು ಬಿಳಿ ಹೊಗೆಯಾಗುವುದು. ಚಂದವಾಗಿತ್ತು. ಈ ಮಾತನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ತುಂಬ ಚಂದವಾಗಿತ್ತು. ಸೆಪ್ಟೆಂಬರ್ 26ರಂದು ತೊದೋಕೆ ಎಂಬ ಊರಿನ ಚರ್ಚಿನ ಗೋಪುರ ಮಂಡಿಯೂರಿದಂತೆ ಕುಸಿದದ್ದನ್ನು ಜಗತ್ತೆಲ್ಲ ಮತ್ತೆ ಮತ್ತೆ ಹಾಕಿ ನೋಡಿತು. ಸುತ್ತಲೂ ಲಾವಾ ಹರಿದರೂ ಒಂದೇ ಒಂದು ಪುಟ್ಟ ಮನೆ ಉಳಿದುಕೊಂಡ ಚಿತ್ರವಂತೂ ‘ಪವಾಡದ ಮನೆ’ ಎಂದು ಹೆಸರಾಯಿತು. ಎಲ್ಲರೂ ಅದಕ್ಕಾಗಿ ಹಾರೈಸಿದರು. ಕೆಲವು ದಿನಗಳಲ್ಲಿ ಅದೂ ಹೋಯಿತು. ಅದು ಡೆನ್ಮಾರ್ಕಿನ ವಯಸ್ಸಾದ ದಂಪತಿಯ ಮನೆ, ಆಗಾಗ ಬಂದು ತಂಗಲು ಕಟ್ಟಿಸಿದ್ದು. ಸಾವಿರಾರು ಮನೆಗಳ ನಡುವೆ ಜಗತ್ತಿನ ಕರುಳು ಚುರ್ರೆಂದದ್ದು ಒಬ್ಬ ವಿಹಾರಿಯ ಮನೆಗೆ. ಫೋಟೋ ಚೆನ್ನಾಗಿ ಬಂದಿತ್ತಲ್ಲ.

ಬೆಂಕಿ ಎದ್ದ ಮರುದಿನ ಸ್ಪೇನಿನ ಆಗಿನ ಪ್ರವಾಸೋದ್ಯಮ ಸಚಿವೆ ರೇಯೆಸ್ ಮರೋತೋ, ಇದನ್ನು ಪ್ರವಾಸಿಗರ ಆಕರ್ಷಣೆಯಾಗಿ ಬಳಸಿಕೊಳ್ಳಬಹುದು ಎಂಬರ್ಥದ ಮಾತಾಡಿ ಎಲ್ಲ ಕಡೆಯಿಂದ ಬೈಸಿಕೊಂಡರು. ಆಮೇಲೆ, ಈಗ ಗಮನವೆಲ್ಲ ಸಂತ್ರಸ್ತರ ಕಡೆಗೆ ಎಂದರು. ಬೈದದ್ದು ಸರಿಯೇ. ಆದರೆ ನಾಲ್ಕು ವರ್ಷದ ನಂತರ ನನ್ನ ಎಕ್ಸೆಲ್ ಹಾಳೆಯ ನಾಲ್ಕನೆಯ ಸಾಲು ಹೇಳುತ್ತಿರುವುದೂ ಅದನ್ನೇ ಅಲ್ಲವೆ? ಅವರು ಹೇಳಬಾರದಿತ್ತು, ನಾನು ಹೋಗಬಹುದು ಎಂದಾದರೆ, ನಡುವೆ ಬದಲಾದದ್ದು ಏನು?

ಕಾಲ ಅನ್ನುವುದು ಸುಲಭದ ಉತ್ತರ. ಅದು ಪೂರ್ತಿ ಸುಳ್ಳೂ ಅಲ್ಲ. ಪುಣೆಯಲ್ಲಿ ನಾವೆಲ್ಲ ಬದುಕುತ್ತಿರುವುದೇ ಲಾವಾದ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು ಇದು. ಭಾನುವಾರ ಸಿಂಹಗಡ ಹತ್ತಿ ಪಿಠಲ ಭಾಕರಿ ತಿಂದು ಇಳಿಯುವವರಾರಿಗೂ ಆ ಬೆಂಕಿಯಲ್ಲಿ ಬೆಂದದ್ದೇನು ಎಂಬ ಚಿಂತೆಯಿಲ್ಲ, ಬೇಕಾಗಿಯೂ ಇಲ್ಲ. ಲಾ ಪಾಲ್ಮಾದಲ್ಲೇ 1949ರಲ್ಲಿ, 1971ರಲ್ಲಿ ಜ್ವಾಲಾಮುಖಿಗಳು ಉಕ್ಕಿವೆ. 1971ರ ಬೂದಿಯ ಸುತ್ತ ಇಂದು ದ್ರಾಕ್ಷಿ ಬೆಳೆಯುತ್ತಾರೆ, ಆ ವೈನು ನಮ್ಮ ಪಟ್ಟಿಯಲ್ಲೂ ಇದೆ, ಅದರ ಬಗ್ಗೆ ನನಗೆ ಒಂದು ಕ್ಷಣದ ಅಳುಕೂ ಬರಲಿಲ್ಲ. ಪಾಂಪೇಯಿಗೆ ಹೋದವರು ಸತ್ತವರ ಅಚ್ಚುಗಳ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಾಗಾದರೆ ಗಾಯವೊಂದು ದೃಶ್ಯವಾಗಲು ಎಷ್ಟು ವರ್ಷ ಬೇಕು? ಐವತ್ತೋ, ಎರಡು ಸಾವಿರವೋ? ವರ್ಷ ಎಣಿಸುವವರು ಯಾರು ಎಂದು ನೋಡಿದರೆ ಎಲ್ಲ ಕಡೆಯೂ ಅದು ನೋಡಲು ಬಂದವನೇ. ಕಳಕೊಂಡವನನ್ನು ಯಾರೂ ‘ನಿನಗಾಯಿತೇ?’ ಎಂದು ಕೇಳಿಲ್ಲ.

ತೀ.ನಂ.ಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದವರಿಗೂ ಸಾಧಾರಣೀಕರಣ ಎಂಬ ಮಾತು ಮರೆತಿರಲಾರದು. ನಾಟಕದಲ್ಲಿ ಕಂಡ ದುಃಖ ನೋಡುವವನಿಗೆ ಸುಖ ಕೊಡುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಭಟ್ಟನಾಯಕ, ಅಭಿನವಗುಪ್ತರು ಕೊಟ್ಟ ಉತ್ತರದ ತಿರುಳು ಅದು. ರಂಗದ ಮೇಲಿನ ದುಃಖಕ್ಕೆ ನನ್ನದು, ಶತ್ರುವಿನದು, ಇಂಥವನದು ಎಂಬ ಗುರುತುಗಳು ಕಳಚಿಹೋಗಿರುತ್ತವೆ. ಯಾರದೂ ಅಲ್ಲದ ದುಃಖವನ್ನು ಎಲ್ಲರೂ ಸವಿಯಬಹುದು. ರಂಗಮಂದಿರದಲ್ಲಿ ಇದು ದೊಡ್ಡ ಮಾತು. ಆದರೆ ಮೊಬೈಲಿನ ಪರದೆ, ಪ್ರವಾಸದ ಬ್ರೋಷರು, ವ್ಯೂಪಾಯಿಂಟಿನ ಕಟಕಟೆ ಎಲ್ಲವೂ ನಮ್ಮ ಮೇಲೆ ಮಾಡುವ ಕೆಲಸವೂ ಇದನ್ನೇ. ತೊದೋಕೆಯ ಚರ್ಚು ಬಿದ್ದಾಗ ನಾನು ಅನುಭವಿಸಿದ್ದು ಅದ್ಭುತ, ಭಯಾನಕ ಎರಡೂ ಹದವಾಗಿ ಬೆರೆತ ಒಂದು ರಸ. ಸಹೃದಯನಾಗಿ ನನ್ನಲ್ಲಿ ಕೊರತೆಯಿರಲಿಲ್ಲ. ಆ ದುಃಖಕ್ಕೆ ಮಾತ್ರ ಮನೆ ನಂಬರಿತ್ತು, ಬ್ಯಾಂಕಿನ ಸಾಲವಿತ್ತು. ಅದನ್ನು ಕಳಚಿದವನು ಕವಿಯಲ್ಲ, ದೂರ. ಜ್ವಾಲಾಮುಖಿಯ ಭೀಕರತೆ ನಮ್ಮನ್ನು ಸೆಳೆಯುವುದು ನಾವು ಸುರಕ್ಷಿತವಾಗಿದ್ದಾಗ ಮಾತ್ರ ಎಂದು ಕಾಂಟ್ 1790ರಲ್ಲೇ ಬರೆದಿದ್ದಾನೆ. ಸುರಕ್ಷಿತನಾಗಿ ನಿಂತು ನೋಡುವವನು ಅಲ್ಲಿ ಮನೆಯಿದ್ದವನಿಗೆ ಏನಾದರೂ ಬಾಕಿಯೇ ಎಂಬುದು ಅಲ್ಲಿ ಅವನ ವಿಷಯವಾಗಿರಲಿಲ್ಲ. ನನಗೆ ಈಗ ಅದೇ ವಿಷಯ.

ಇಷ್ಟು ಕೊರೆಯಲು ನನಗೊಂದು ಕಾರಣವಿದೆ. ಸಾಗರ ಸೀಮೆಯ ನಮಗೆ ‘ದ್ವೀಪ’ ಎಂದರೆ ರಜೆಯ ಜಾಗವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಗದ್ದೆ, ತೋಟ, ದೇವಸ್ಥಾನಗಳು ಮುಳುಗಿ, ಮುಳುಗದೆ ಉಳಿದ ತುಮರಿಯಂಥ ಕಡೆಗಳು ಮೂರೂ ದಿಕ್ಕಿಗೆ ನೀರಾಗಿ ಅರವತ್ತು ವರ್ಷ ಲಾಂಚಿಗೆ ಕಾದವು. ಸೇತುವೆ ಆದದ್ದು 2025ರಲ್ಲಿ. ನಾ. ಡಿಸೋಜರ ‘ದ್ವೀಪ’, ಅದರಿಂದ ಗಿರೀಶ ಕಾಸರವಳ್ಳಿ ಮಾಡಿದ ಸಿನಿಮಾ ನಿಮಗೆ ಗೊತ್ತಿರುತ್ತವೆ. ನಮ್ಮಮ್ಮನ ತವರು ಆ ನೀರಿನಡಿ ಇದೆ. ಆಗ ಅವಳಿಗೆ ಒಂಬತ್ತು ವರ್ಷ. ಅಲ್ಲಿಂದ ಎದ್ದವರಲ್ಲಿ ಅನೇಕರ ಹಕ್ಕುಪತ್ರದ ಹೋರಾಟ ಇನ್ನೂ ಮುಗಿದಿಲ್ಲ. ಈ ಎರಡು ಮುಳುಗಡೆಗಳನ್ನು ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ, ಅದು ಗೊತ್ತು: ಲಾವಾ ಯಾರ ಸಹಿಯನ್ನೂ ಕೇಳಿ ಹರಿಯಲಿಲ್ಲ, ನಮ್ಮ ನೀರು ನಕ್ಷೆಯ ಮೇಲೆ ಸಹಿ ಬಿದ್ದ ಮೇಲೆ ಏರಿದ್ದು. ಆದರೆ ನೋಡಲು ಬರುವವರು ಎರಡೂ ಕಡೆ ಒಂದೇ ಥರ. ಹಿನ್ನೀರಿನಲ್ಲಿ ಈಗ ದೋಣಿವಿಹಾರ, ದಡದಲ್ಲಿ ಟೆಂಟು. ತೀರಾ ನೀರು ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದರೆ ಕಾರುಗಳ ಸಾಲು. ಊರಿಗೆ ಹೋದಾಗ ನಮ್ಮಂಥ ಹೊರನಾಡಿನವರೂ ಹೋಮ್‌ಸ್ಟೇ ಬುಕ್ ಮಾಡಿ ಆ ಸಾಲಿನಲ್ಲಿ ನಿಲ್ಲುವವರೇ.

ಕೆಲವು ವರ್ಷದ ಹಿಂದೆ ಅಮ್ಮನನ್ನು ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋಗಿದ್ದೆ. ದೋಣಿಯ ದರ ಕೇಳಿ, ‘ಅಲ್ಲ ಮಾರಾಯ, ನಮ್ಮ ಗದ್ದೆ ಮೇಲೆ ಹೋಗೂಕೆ ನಾನು ದುಡ್ಡು ಕೊಡ್ಬೇಕಾ?’ ಅಂದಳು. ದೋಣಿಯ ಹುಡುಗ ನಗಬೇಕೋ ಬೇಡವೋ ತಿಳಿಯದೆ ನಿಂತ. ಆಮೇಲೆ ಹತ್ತಿದಳು. ಸಂಜೆಯಾಗಿತ್ತು, ನೀರಿನ ಮೇಲೆ ಕೆಂಪು ಬಿದ್ದಿತ್ತು. ‘ಚಂದ ಕಾಣ್ತದೆ, ಸುಳ್ಳು ಯಾಕೆ ಹೇಳ್ಲಿ’ ಅಂದಳು. ಅವಳು ಕೋಪ ಮಾಡಿಕೊಳ್ಳುತ್ತಾಳೆ ಎಂದು ನಾನು ಕಾದಿದ್ದೆ. ಅವಳೋ ನೀರಿನ ಚಂದ ನೋಡುತ್ತಲೇ, ‘ಇಲ್ಲಿ ಹುಣಸೆಮರ, ಅದರ ಆಚೆ ಬಾವಿ’ ಎಂದು ಬೆರಳು ತೋರಿಸುತ್ತ ಹೋದಳು. ಚಂದ ಕಾಣುವುದೇ ಅಪರಾಧ ಎಂಬ ವಾದವನ್ನು ನಾನು ಅಂದೇ ಕೈಬಿಟ್ಟೆ. ಅವಳಿಗೆ ನೀರೂ ಕಾಣುತ್ತಿತ್ತು, ಬಾವಿಯೂ ಕಾಣುತ್ತಿತ್ತು. ನಮ್ಮ ಹಿಂದಿನ ದೋಣಿಯವರಿಗೆ ನೀರು ಮಾತ್ರ. ಅವರ ತಪ್ಪೆಂದೂ ಹೇಳಲಾರೆ. ಅಲ್ಲಿ ಊರಿತ್ತೆಂದು ಹೇಳುವ ಒಂದು ಬೋರ್ಡೂ ನಮಗೆ ಕಂಡಿರಲಿಲ್ಲ.

ಇನ್ನೊಂದು ಸುಲಭದ ಉತ್ತರ ದುಡ್ಡು. ನಾವು ಹೋದರೆ ಅವರಿಗೆ ವ್ಯಾಪಾರ. ಇದೂ ನಿಜವೇ, ಆದರೆ ನನಗೆ ಬೇಕಾದದ್ದೇ ಯಾವಾಗಲೂ ಅವರಿಗೆ ಒಳ್ಳೆಯದಾಗಿಬಿಡುವುದು ನನ್ನಲ್ಲಿ ಗುಮಾನಿ ಹುಟ್ಟಿಸುತ್ತದೆ. 2024ರ ಏಪ್ರಿಲ್ 20ರಂದು ಕೆನರಿ ದ್ವೀಪಗಳಲ್ಲಿ ಸಾವಿರ ಸಾವಿರ ಜನ ಬೀದಿಗಿಳಿದು, ದ್ವೀಪಗಳಿಗೂ ಒಂದು ಮಿತಿಯಿದೆ ಎಂದು ಕೂಗಿದರು. ಸುಮಾರು ಇಪ್ಪತ್ತೆರಡು ಲಕ್ಷ ಜನರ ನಾಡಿಗೆ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಪ್ರವಾಸಿಗರು. ಮನೆಗಳೆಲ್ಲ ದಿನಬಾಡಿಗೆಗೆ ಹೋಗಿ ಊರಿನವರಿಗೇ ಮನೆ ಸಿಗದ ಸ್ಥಿತಿ. ಲಾ ಪಾಲ್ಮಾದ ಕಥೆ ಬೇರೆ. ಅಲ್ಲಿಗೆ ಬರುವವರು ಮೊದಲೇ ಕಡಿಮೆ. ಅದರ ಮೇಲೆ ಮುಖ್ಯ ಕಡಲತೀರದ ಊರಾದ ಪುಯೆರ್ತೋ ನಾವೋಸ್ ಲಾವಾದಿಂದ ತಪ್ಪಿಸಿಕೊಂಡರೂ ನೆಲದಿಂದ ಏಳುವ ಇಂಗಾಲದ ಡೈಆಕ್ಸೈಡಿನಿಂದ ವರ್ಷಗಟ್ಟಲೆ ಮುಚ್ಚಿತ್ತು, ಸ್ವಲ್ಪ ಸ್ವಲ್ಪವಾಗಿ ತೆರೆಯಿತು. ಬನ್ನಿ ಎಂದು ಕರೆಯುವವರು ಅಲ್ಲಿ ನಿಜವಾಗಿಯೂ ಇದ್ದಾರೆ. ಆದರೆ ಕರೆಯುವ ಹೋಟೆಲಿನವನೂ ಮನೆ ಕಳಕೊಂಡು ಕಂಟೇನರ್ ಮನೆ ಸೇರಿದವನೂ ಒಬ್ಬನೇ ಆಗಿರಬೇಕೆಂದಿಲ್ಲ. ನಮ್ಮ ಹಿನ್ನೀರನ್ನು ‘ಮನಮೋಹಕ’ ಎಂದು ಜಾಹೀರಾತು ಹಾಕಿದವರು ಅಮ್ಮನನ್ನು ಕೇಳಿ ಹಾಕಿರಲಿಲ್ಲ.

ಹೋಗುವುದನ್ನು ಬಿಟ್ಟಿಲ್ಲ. ಹೋಗದೆ ಉಳಿದರೆ ತೊದೋಕೆಯವರಿಗೆ ಏನೂ ಸಿಗುವುದಿಲ್ಲ, ನನಗೆ ಮಾತ್ರ ಒಳ್ಳೆಯವನೆಂಬ ಸಮಾಧಾನ ಪುಕ್ಕಟೆ ಸಿಗುತ್ತದೆ. ಹಾಳೆಯಲ್ಲಿ ಕೆಲವು ಬದಲಾವಣೆಗಳಾಗಿವೆ. ಯಾರದೋ ಫ್ಲ್ಯಾಟಿನ ದಿನಬಾಡಿಗೆ ಬೇಡವೆಂದು ಹೋಟೆಲಿಗೆ ಬದಲಾಯಿಸಿದೆವು; ಖರ್ಚು ಹೆಚ್ಚಾಯಿತು, ಹೆಂಡತಿ ಎರಡು ದಿನ ಮಾತು ಕಡಿಮೆ ಮಾಡಿದಳು. ನಾಲ್ಕನೆಯ ಸಾಲಿನ ‘ಅರ್ಧ ದಿನ’ ಈಗ ‘ಒಂದು ದಿನ’. 2021ಕ್ಕೆ ಮೊದಲಿನ ಉಪಗ್ರಹ ಚಿತ್ರಗಳನ್ನು ಮಗಳು ಹುಡುಕಿ ಇಟ್ಟುಕೊಂಡಿದ್ದಾಳೆ. ಕಪ್ಪು ಕಲ್ಲಿನ ಮೇಲೆ ನಿಂತಾಗ ಕೆಳಗೆ ಯಾವ ಬೀದಿಯಿತ್ತು, ಚರ್ಚು ಎಲ್ಲಿತ್ತು ಎಂದು ಫೋನಿನಲ್ಲಿ ಹೊಂದಿಸಿ ನೋಡುವುದು ಅವಳ ಯೋಜನೆ. ಐದು ಸ್ಟಾರ್ ತೆಗೆದುಹಾಕು ಎಂದು ನಾನು ಹೇಳಲಿಲ್ಲ, ಅವಳೂ ತೆಗೆದಿಲ್ಲ.

ಉಳಿದದ್ದು ಒಂದೇ. ಗೈಡ್ ಆ ಊರಿನವನೇ ಆಗಿದ್ದರೆ, ನಿನ್ನ ಮನೆ ಎಲ್ಲಿತ್ತು ಎಂದು ಕೇಳಬಹುದೇ? ಕೇಳಿದರೆ ಕೆದಕಿದಂತೆ, ಕೇಳದಿದ್ದರೆ ಬರೀ ಕಲ್ಲು ನೋಡಿ ಬಂದಂತೆ. ಕಳೆದ ಭಾನುವಾರ ಫೋನಿನಲ್ಲಿ ಅಮ್ಮನನ್ನೇ ಕೇಳಿದೆ.

‘ಕೇಳು. ಆದ್ರೆ ಪರಿಹಾರ ಎಷ್ಟು ಸಿಕ್ತು ಅಂತ ಮಾತ್ರ ಮೊದ್ಲೇ ಕೇಳ್ಬೇಡ. ನಮ್ಮನ್ನ ಎಲ್ರೂ ಕೇಳಿದ್ದು ಅದನ್ನೇ.’

ಮತ್ತೇನು ಕೇಳಲಿ ಅಂದೆ.

‘ಬಾವಿ ನೀರು ಹೇಗಿತ್ತು ಅಂತ ಕೇಳು.’