ಊರ ಸಭೆಯ ಕಟ್ಟಳೆ

ಊರಿನ ಕೆಲಸ ನಡೆಯಲು ಕಟ್ಟಳೆಯೇಕೆ, ಒಳ್ಳೆಯವರು ನಾಲ್ವರಿದ್ದರೆ ಸಾಲದೆ ಎಂದು ಕೇಳುವವರು ನಮ್ಮಲ್ಲಿ ಬಹುಮಂದಿ ಉಂಟು. ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಒಳ್ಳೆಯವನಿಗೆ ಕಟ್ಟಳೆ ಬೇಡ. ಕೆಟ್ಟವನು ಅದನ್ನು ಮೀರುವ ದಾರಿಯನ್ನು ಹೇಗೂ ಹುಡುಕಿಕೊಳ್ಳುವನು. ಹಾಗಾದರೆ ಅದು ಯಾರಿಗಾಗಿ?

ಇದನ್ನು ಯೋಚಿಸುವಾಗ ಕಾಂಚೀಪುರದ ಸೀಮೆಯ ಉತ್ತರಮೇರೂರು ನೆನಪಿಗೆ ಬರುತ್ತದೆ. ಅಲ್ಲಿಯ ವೈಕುಂಠ ಪೆರುಮಾಳ್ ದೇವಾಲಯದ ಗೋಡೆಯಲ್ಲಿ ಚೋಳದೊರೆ ಮೊದಲನೆಯ ಪರಾಂತಕನ ಕಾಲದ, ಕ್ರಿ. ಶ. 920ರ ಆಸುಪಾಸಿನ, ಎರಡು ಶಾಸನಗಳಿವೆ. ಊರ ಮಹಾಸಭೆಯು ತನಗೆ ತಾನೇ ವಿಧಿಸಿಕೊಂಡ ನಿಯಮಗಳು ಅವು. ಊರನ್ನು 30 ಭಾಗಗಳಾಗಿ ವಿಂಗಡಿಸಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕಿ, ಒಳಗೇನಿದೆಯೆಂದರಿಯದ ಹುಡುಗನಿಂದ ಎತ್ತಿಸಬೇಕು. ಓಲೆಯನ್ನು ಪಡೆಯುವ ಮಧ್ಯಸ್ಥನು ಐದು ಬೆರಳುಗಳನ್ನೂ ಬಿಚ್ಚಿ ಅಂಗೈಯಲ್ಲಿ ಸ್ವೀಕರಿಸಬೇಕು. ಅವನು ಓದಿದುದನ್ನು ನೆರೆದ ಅರ್ಚಕರೆಲ್ಲರೂ ಮತ್ತೆ ಓದಬೇಕು.

ಆ ಬಿಚ್ಚಿದ ಬೆರಳುಗಳಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆಯೆಂದು ನನಗೆ ತೋರುತ್ತದೆ. ಮಧ್ಯಸ್ಥನು ಕಳ್ಳನೆಂದು ನಿಯಮವು ಹೇಳುವುದಿಲ್ಲ. ಅವನ ಹೃದಯವನ್ನು ಅರಿಯುವ ಭಾರವನ್ನು ಊರಿನವರ ತಲೆಯ ಮೇಲೆ ಹೊರಿಸದೆ, ಅಂಗೈಯನ್ನು ಮಾತ್ರ ತೋರಿಸೆನ್ನುತ್ತದೆ. ಪ್ರಾಮಾಣಿಕನಿಗೆ ಇದು ಅವಮಾನವಲ್ಲ, ರಕ್ಷೆ; ಏಕೆಂದರೆ ಮುಚ್ಚಿದ ಮುಷ್ಟಿಯಲ್ಲಿ ಸಾಧುವಿಗೂ ಕಳ್ಳನಿಗೂ ಭೇದ ಕಾಣಿಸದು.

ಹಿಂದೆ ಸಮಿತಿಯಲ್ಲಿದ್ದು ಲೆಕ್ಕವನ್ನೊಪ್ಪಿಸದವನಿಗೆ ಮತ್ತೆ ಸ್ಥಾನವಿಲ್ಲ. ಅವನ ಸಮೀಪ ಬಂಧುಗಳಿಗೂ ಇಲ್ಲ. ತಮ್ಮನು ಮಾಡಿದ ತಪ್ಪೇನು? ಇದನ್ನು ನ್ಯಾಯವೆಂದು ಒಪ್ಪಲು ನನಗೆ ಮನಸ್ಸು ಬಾರದು. ಆದರೂ ಲೆಕ್ಕಗಳು ಎಲ್ಲಿ ಹೂತುಹೋಗುತ್ತವೆಂಬುದನ್ನು ಆ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು.

ಆದರೆ ಕೊಡದೊಳಗೆ ಯಾರ ಹೆಸರು ಬೀಳುತ್ತಿತ್ತು? ಅದು ಬ್ರಾಹ್ಮಣರಿಗೆ ದತ್ತಿಯಾದ ಊರು. ಕಾಲು ವೇಲಿಗೆ ಮೀರಿದ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ವೇದಜ್ಞಾನ, 35ಕ್ಕೂ 70ಕ್ಕೂ ನಡುವಣ ವಯಸ್ಸು ಇವು ಬೇಕಾಗಿದ್ದುವು. ವೇದವನ್ನು ಹೆಚ್ಚು ಬಲ್ಲವನಿಗೆ ಅರೆಕಾಲು ವೇಲಿ ಸಾಕಾಗುತ್ತಿತ್ತು. ಉತ್ತವರಿಗೆ ಅಲ್ಲಿ ಸ್ಥಾನವಿರಲಿಲ್ಲ, ಹೆಂಗಸರಿಗೂ ಇರಲಿಲ್ಲ. ಕಟ್ಟಳೆಯು ಶುದ್ಧವಾಗಿದ್ದೂ ಅನ್ಯಾಯವಾಗಿರಬಹುದೆಂಬುದು ಹಳೆಯದನ್ನು ಹೊಗಳುವ ನಮಗೆ ಬೇಗನೆ ಮರೆತುಹೋಗುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಗ್ರಾಮವನ್ನು ಕುರಿತು ಕಟುವಾಗಿ ಮಾತನಾಡಿದುದು ಸುಮ್ಮನೆಯಲ್ಲ.

ಆ ಬಾಗಿಲು ತೆರೆಯಲು ಬಹಳ ಕಾಲ ಹಿಡಿಯಿತು. ಕರ್ನಾಟಕದ 1983ರ ಕಾಯಿದೆಯು ಸ್ತ್ರೀಯರಿಗೆ ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನಿರಿಸಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯು ಮೂರನೆಯ ಒಂದು ಪಾಲಿಗೆ ಕಡಮೆಯಾಗದಂತೆ ಇಡೀ ದೇಶಕ್ಕೆ ವಿಧಿಸಿ, ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕ ಸ್ಥಾನವನ್ನು ಕೊಟ್ಟಿತು. ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರೆಲ್ಲರೂ ಈಗ ಗ್ರಾಮಸಭೆಯ ಸದಸ್ಯರು.

ಬಾಗಿಲು ತೆರೆದ ಮೇಲೆ ಅಂಗೈ ಮುಚ್ಚಿಕೊಂಡಿತೋ ಏನೋ. ನಾನು ಕಂಡ ಒಂದು ಗ್ರಾಮಸಭೆಯಲ್ಲಿ ಪುಸ್ತಕಕ್ಕೆ ಸಹಿಗಳು ಮೊದಲು ಬಿದ್ದುವು. ನಿರ್ಣಯಗಳನ್ನು ಆಮೇಲೆ ಬರೆಯುವುದೆಂದಾಯಿತು. ಜನರು ಏಳುವ ಹೊತ್ತಿಗೆ ಮುದುಕಿಯೊಬ್ಬಳು ಎದ್ದು ನಿಂತು, ಕೆರೆಯ ಹೂಳು ತೆಗೆದ ಖರ್ಚೆಷ್ಟೆಂದು ಕೇಳಿದಳು. ಎಲ್ಲವೂ ಪುಸ್ತಕದಲ್ಲಿದೆಯೆಂದರು. "ನನಗೆ ಓದು ಬಾರದು, ಬಾಯಲ್ಲಿ ಹೇಳಿ" ಎಂದಳು. ಬೇರೆ ದಾರಿಯಿಲ್ಲದೆ ಓದತೊಡಗಿದರು. ಅರ್ಧ ಗಂಟೆ ಹಿಡಿಯಿತು. ಎದ್ದವರೆಲ್ಲರೂ ಮತ್ತೆ ಕುಳಿತು ಕೇಳಿದರು.