ನಿಮ್ಮದು ಯಾವ ಊರು?

ಇಬ್ಬರು ಕನ್ನಡಿಗರು ಹೊಸದಾಗಿ ಎದುರಾದರೆ ಮೂರನೆಯ ಮಾತಿನೊಳಗೆ ‘ನಿಮ್ಮದು ಯಾವ ಊರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ರೈಲಿನಲ್ಲಾಗಲಿ, ಮದುವೆಯ ಪಂಕ್ತಿಯಲ್ಲಾಗಲಿ, ವೈದ್ಯರ ಬಾಗಿಲಲ್ಲಾಗಲಿ, ಇದು ತಪ್ಪಿದ್ದಲ್ಲ. ಕೇಳುವವರಿಗೆ ಬೇಕಾದುದು ನಾವು ಬಾಡಿಗೆ ಕಟ್ಟುವ ಊರಿನ ಹೆಸರಲ್ಲ. ನಮ್ಮ ಹಿರಿಯರ ಮನೆಯ ಒಲೆ ಎಲ್ಲಿ ಉರಿಯುತ್ತಿತ್ತು ಎಂಬುದು. ನಾನು ಬಳ್ಳಾರಿಯ ಪಾರ್ವತಿನಗರಕ್ಕೆ ಬಂದು ನೆಲೆಸಿದುದು 2012ರಲ್ಲಿ. ಆದರೂ ಈ ಪ್ರಶ್ನೆಗೆ ಬಹುಕಾಲ ‘ತೀರ್ಥಹಳ್ಳಿಯ ಕಡೆ’ ಎಂದೇ ಉತ್ತರ ಕೊಡುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಿಜವಾದ ಮಾತಿನ ಮರೆಯಲ್ಲಿಯೂ ಮನುಷ್ಯ ಅಡಗಿ ಕುಳಿತುಕೊಳ್ಳಬಹುದೆಂಬುದು ನನಗೆ ತಡವಾಗಿ ತಿಳಿಯಿತು.

ಹೊಸ ಊರಿಗೆ ಬಂದವನ ಮೊದಲ ಉದ್ಯೋಗ ದೂರುವುದು. ನಾನೂ ಅದನ್ನು ಶ್ರದ್ಧೆಯಿಂದ ಮಾಡಿದೆ. ಮಳೆ, ಜಿಗಣೆ, ಅಡಕೆ ತೋಟಗಳ ನಡುವೆ ಬೆಳೆದವನಿಗೆ ಬಳ್ಳಾರಿಯ ಬಿಸಿಲು ಒಂದು ಶಿಕ್ಷೆಯಂತೆ ತೋರಿತು. ಮಹಡಿಯ ಮೇಲೆ ನಿಂತರೆ ಕಾಣುವ ಕೋಟೆಗುಡ್ಡ, ಒಂದು ಮರವೂ ಇಲ್ಲದ ಬರಿಯ ಬಂಡೆ, ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಕಾವನ್ನು ನಮ್ಮ ಮೇಲೆಯೇ ಬಿಡುತ್ತಿದೆಯೆಂದು ನನ್ನ ನಂಬಿಕೆ. ಬೆಳಗಾದರೆ ಜನರು ಸಂತೋಷದಿಂದ ತಿನ್ನುವ ಮಂಡಕ್ಕಿ ಒಗ್ಗರಣೆಯೂ ಜೊತೆಗಿನ ಮಿರ್ಚಿಯೂ ನನಗೆ ತಿಂಡಿಯೆನಿಸಲಿಲ್ಲ. ಯಾರೋ ತಮಾಷೆಗೆ ಮಾಡಿದ್ದೆನಿಸಿತು. ಕಚೇರಿಯಲ್ಲಿ ಮಾತೆತ್ತಿದರೆ ‘ನಿಮ್ಮ ಊರಿನ ಬಿಸಿಲು’, ‘ನಿಮ್ಮ ಊರಿನ ಧೂಳು’ ಎನ್ನುತ್ತಿದ್ದೆ. ಕೇಳಿದವರು ನಕ್ಕು, ತಮ್ಮದೇ ತಪ್ಪೆನ್ನುವಂತೆ, ‘ಹೌದ್ರಿ, ಈ ಸಲ ಜಾಸ್ತಿ ಐತಿ’ ಎನ್ನುತ್ತಿದ್ದರು.

ನಮ್ಮ ಓಣಿಗೆ ಆಗ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಕೆಲವು ಸಲ ಇನ್ನೂ ತಡ. ಬರುವ ಹೊತ್ತು ಗೊತ್ತಿರುತ್ತಿರಲಿಲ್ಲ. ನಡುರಾತ್ರಿ ಬಂದು ಬೆಳಕು ಹರಿಯುವ ಮುನ್ನ ನಿಂತುಹೋದರೆ ಮಲಗಿದ್ದವನ ಗತಿ ಮುಗಿಯಿತು. ಎದುರುಮನೆಯಲ್ಲಿ ಎಪ್ಪತ್ತರ ಸಮೀಪದ ಹಿರಿಯರೊಬ್ಬರಿದ್ದರು. ನಿದ್ರೆ ಕಡಿಮೆ. ನಲ್ಲಿಯಲ್ಲಿ ಗಾಳಿಯ ಸದ್ದು ಕೇಳಿದೊಡನೆಯೆ ಎದ್ದು, ತಮ್ಮ ಸಂಪಿನ ಮುಚ್ಚಳ ತೆಗೆಯುವ ಮೊದಲು, ಕೋಲು ಹಿಡಿದು ಓಣಿಯ ಗೇಟುಗಳನ್ನೆಲ್ಲ ತಟ್ಟುತ್ತ ಹೋಗುವರು. ನಾವು ಬಂದ ಮೊದಲ ವಾರವೇ ನಮ್ಮ ಗೇಟೂ ಆ ಸಾಲಿಗೆ ಸೇರಿತು. ‘ನೀರು ಬಂತು ನೋಡ್ರಿ, ಮಲೆನಾಡಿನೋರು!’ ಅವರು ಇಟ್ಟ ಹೆಸರು ಅದು. ನಾವು ಕೇಳಿಕೊಂಡಿರಲಿಲ್ಲ, ಅವರು ಹೇಳಿಸಿಕೊಂಡೂ ಇರಲಿಲ್ಲ.

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುತ್ತಿದ್ದ ಅವರಿಗೆ ತಮ್ಮ ಬಾಳಿನ ಬಗ್ಗೆ ಒಂದು ಮಾತು ಬಹಳ ಪ್ರಿಯವಾಗಿತ್ತು. ‘ನಾನು ಹುಟ್ಟಿದ್ದು ಮದ್ರಾಸ್ ರಾಜ್ಯದಾಗ, ಓದಿದ್ದು ಮೈಸೂರು ರಾಜ್ಯದಾಗ, ಪಿಂಚಣಿ ತಗೊಂಡಿದ್ದು ಕರ್ನಾಟಕದಾಗ. ಊರು ಮಾತ್ರ ಬಿಟ್ಟಿಲ್ಲ ನೋಡ್ರಿ.’ ಮಾತು ಅಕ್ಷರಶಃ ನಿಜ. 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಆಂಧ್ರ ಬೇರೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಉಳಿದವು ಮೈಸೂರಿಗೆ ಬಂದುವು. ಬಳ್ಳಾರಿ ತಾಲ್ಲೂಕು ಯಾರದೆಂಬ ವ್ಯಾಜ್ಯಕ್ಕಾಗಿಯೇ ಮಿಶ್ರ ಆಯೋಗವನ್ನು ನೇಮಿಸಬೇಕಾಯಿತು. ಸೇರ್ಪಡೆಯ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ಆಮ್ಲದ ದಾಳಿಗೆ ಈಡಾಗಿ ಪ್ರಾಣಬಿಟ್ಟರು. ನಮ್ಮ ಎದುರುಮನೆಯವರು ಆಗ ಹತ್ತು ವರ್ಷದ ಹುಡುಗ. ಊರು ತಮ್ಮದೆಂದು ಎರಡು ಕಡೆಯವರು ಕೂಗುತ್ತಿದ್ದಾಗ ತಾನು ಯಾವ ಕಡೆ ಎಂದು ಮನೆಯಲ್ಲಿ ಕೇಳಿದ್ದನಂತೆ. ‘ನೀನು ನಮ್ಮ ಓಣಿ ಕಡೆ, ಹೋಗಿ ನೀರು ತಗೊಂಬಾ’ ಎಂದು ತಾಯಿ ಬಿಂದಿಗೆ ಕೊಟ್ಟು ಕಳುಹಿಸಿದರಂತೆ. ಇದನ್ನು ಹೇಳಿ ಗಟ್ಟಿಯಾಗಿ ನಗುವರು.

ನಾವು ಬಂದ ಮರುವರ್ಷ, ಬೇಸಗೆಯ ಒಂದು ಬೆಳಗ್ಗೆ, ಅವರು ತೀರಿಕೊಂಡರು. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಶಾಮಿಯಾನ, ಕುರ್ಚಿಗಳು, ಓಣಿಯ ಗಂಡಸರೆಲ್ಲ ಅಲ್ಲಿ. ಹೋಗಬೇಕೆಂದು ಅಂಗಿ ತೊಟ್ಟೆ. ಆಮೇಲೆ ಯೋಚನೆ ಬಂದಿತು: ನಾವು ಈ ಊರಿನವರಲ್ಲ, ಇಲ್ಲಿಯ ರೀತಿ ನಮಗೆ ತಿಳಿಯದು, ಪರಿಚಯ ಒಂದು ವರ್ಷದ್ದು, ದುಃಖದ ಮನೆಯಲ್ಲಿ ಗುರುತಿಲ್ಲದವನು ನಿಂತರೆ ಅವರಿಗೂ ಮುಜುಗರ. ಯೋಚನೆ ಎಷ್ಟು ಸಭ್ಯವಾಗಿತ್ತೆಂದರೆ ಅದನ್ನು ನಾನು ವಿನಯವೆಂದೇ ತಿಳಿದೆ. ಹಿಂದಿನ ಬೀದಿಯಿಂದ ಕಚೇರಿಗೆ ಹೋದೆ. ಮಣ್ಣಿಗೆ ಹೋಗಲಿಲ್ಲ.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಊರಿನಿಂದ ತಮ್ಮನ ಫೋನು ಬಂದಿತು. ನಮ್ಮ ದೊಡ್ಡಪ್ಪ ಹೋಗಿಬಿಟ್ಟಿದ್ದರು. ಕೈಹಿಡಿದು ಅಕ್ಷರ ತಿದ್ದಿಸಿದವರು. ನಾನು ಹೇಳಿದೆ: ‘ಇಷ್ಟು ದೂರದಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ರಜೆಯೂ ಕಷ್ಟ. ನೀವು ಮುಂದುವರಿಸಿ.’ ತಮ್ಮ ಏನೂ ಅನ್ನಲಿಲ್ಲ. ‘ಆಗಲಿ ಅಣ್ಣ’ ಎಂದು ಇಟ್ಟುಬಿಟ್ಟ.

ಆ ರಾತ್ರಿ ನಿದ್ರೆ ಬರಲಿಲ್ಲ. ಒಂದೇ ವಾರದಲ್ಲಿ ನಾನು ಆಡಿದ ಎರಡು ಮಾತುಗಳು ಎದುರಿಗೆ ನಿಂತುವು. ಎದುರುಮನೆಗೆ: ‘ನಾನು ಇಲ್ಲಿಯವನಲ್ಲ.’ ತವರಿಗೆ: ‘ನಾನು ಅಲ್ಲಿಲ್ಲ.’ ಎರಡೂ ನಿಜ; ಎರಡನ್ನೂ ಕೂಡಿಸಿದರೆ ಬರುವ ಮೊತ್ತವೆಂದರೆ, ನಾನು ಯಾವ ಸಾವಿನ ಮನೆಗೂ ಹೋಗಬೇಕಾಗಿಲ್ಲದ ಮನುಷ್ಯ. ಊರ ನೆನಪೆಂಬುದನ್ನು ನಾನು ಅದುವರೆಗೆ ಒಂದು ಸದ್ಗುಣವೆಂದು ಬಗೆದಿದ್ದೆ. ಮಳೆಯ ದಿನ ಬಂದರೆ ಕಣ್ಣು ತೇವವಾಗುವುದನ್ನು ಕಂಡು ನನ್ನ ಹೃದಯ ಮೃದುವಾದದ್ದೆಂದು ಸಂತೋಷಪಟ್ಟಿದ್ದೆ. ಆ ನೆನಪಿನಿಂದ ತವರಿಗೆ ಒಂದು ಕಾಸಿನ ಉಪಕಾರವೂ ಆಗಿರಲಿಲ್ಲ. ಇದ್ದ ಊರಿನಲ್ಲಿ ಮಾತ್ರ ಅದು ನನಗೆ ರಜೆಚೀಟಿಯಾಗಿ ಕೆಲಸ ಮಾಡಿತ್ತು.

ಮುಂದಿನ ಸಲ ನೀರು ಬಂದುದು ನಮಗೆ ತಿಳಿಯಲಿಲ್ಲ. ಗೇಟು ತಟ್ಟುವವರು ಇರಲಿಲ್ಲ. ಬೆಳಗ್ಗೆ ಸಂಪು ಒಣಗಿತ್ತು. ನನ್ನ ಹೆಂಡತಿ ಬಿಂದಿಗೆ ಹಿಡಿದು ಏನು ಮಾಡುವುದೆಂದು ನಿಂತಿದ್ದಾಗ ಎದುರುಮನೆಯ ಆ ತಾಯಿ, ಇನ್ನೂ ಸೂತಕ ಕಳೆಯದ ಮನೆಯ ಬಾಗಿಲಿನಿಂದಲೇ, ‘ನಮ್ಮ ಸಂಪಿನಾಗ ಐತಮ್ಮ, ತಗೊಂಡು ಹೋಗು’ ಎಂದರು. ಸ್ವಲ್ಪ ತಡೆದು, ‘ಅವರಿದ್ದಿದ್ರೆ ನಿಮಗೆ ಹೇಳ್ತಿದ್ರು’ ಎಂದರು. ಆಕ್ಷೇಪಣೆಯ ಛಾಯೆಯೂ ಆ ಮಾತಿನಲ್ಲಿರಲಿಲ್ಲ. ಆ ಸಂಜೆ ಹೋಗಿ ಅವರ ಮುಂದೆ ಕುಳಿತೆ. ಏನು ಹೇಳಬೇಕೋ ತೋಚದೆ ಸುಮ್ಮನೆ ಕುಳಿತೆ. ಅವರು ಚಹ ಕೊಟ್ಟರು.

ಈಗ ಮೂಲ ಪ್ರಶ್ನೆಗೆ ಬರೋಣ. ಬಂದ ಊರಿಗೆ ಮನುಷ್ಯ ಏನನ್ನಾದರೂ ಸಲ್ಲಿಸಬೇಕಾಗಿದೆಯೆ? ಸಲ್ಲಿಸಬೇಕಾದರೆ, ಎಂದಿನಿಂದ?

ಅತಿಥಿಗೆ ಯಾವ ಬಾಧ್ಯತೆಯೂ ಇಲ್ಲವೆಂಬುದು ನಮ್ಮ ಹಳೆಯ ಭಾವನೆ. ಆದರೆ ಅತಿಥಿಯೆಂದರೆ ಯಾರು? ಮನುಸ್ಮೃತಿ ಹೇಳುವಂತೆ ಒಂದು ರಾತ್ರಿ ತಂಗುವವನು. ಎರಡನೆಯ ವರ್ಷವೂ ಅತಿಥಿಯಾಗಿಯೇ ಇರುತ್ತೇನೆಂಬುದು ಶಾಸ್ತ್ರಕ್ಕೂ ಸಲ್ಲದು, ಲೋಕಕ್ಕೂ ಸಲ್ಲದು. ಗ್ರೀಸಿನ ಸಾಕ್ರಟೀಸನ ಕಥೆ ವಾಚಕರಿಗೆ ತಿಳಿದದ್ದೇ. ಕ್ರಿ.ಪೂ. 399ರಲ್ಲಿ ಸೆರೆಮನೆಯಲ್ಲಿದ್ದ ಅವನನ್ನು ಗೆಳೆಯ ಕ್ರೀಟೋ ತಪ್ಪಿಸಿಕೊಂಡು ಹೋಗೆಂದು ಬೇಡುತ್ತಾನೆ. ಆಗ ಸಾಕ್ರಟೀಸನ ವಾದ ಇದು: ಅಥೆನ್ಸ್ ನಗರ ಹಿಡಿಸದವನು ತನ್ನ ಗಂಟು ಕಟ್ಟಿಕೊಂಡು ಎಂದಾದರೂ ಹೊರಡಬಹುದಾಗಿತ್ತು, ಎಪ್ಪತ್ತು ವರ್ಷ ಇಲ್ಲಿಯೇ ಇದ್ದೆನೆಂದರೆ ಇದರ ಕಟ್ಟಳೆಗೆ ಒಪ್ಪಿದೆನೆಂದೇ ಅರ್ಥ. ಇರುವುದೇ ಒಪ್ಪಿಗೆ.

ಮಾತು ಭವ್ಯವಾಗಿದೆ, ಎಲ್ಲರಿಗೂ ಹೊಂದುತ್ತದೆಯೆ ಎಂಬುದು ಸಂದೇಹ. 1748ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದಕ್ಕೆ ಕೊಟ್ಟ ಉತ್ತರ ಹರಿತವಾದದ್ದು. ನಿದ್ರೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕಿ, ಇಳಿಯುವುದಾದರೆ ಸಮುದ್ರಕ್ಕೆ ಇಳಿ, ಇಳಿಯದಿದ್ದರೆ ನಾಯಕನ ಅಧಿಕಾರಕ್ಕೆ ಒಪ್ಪಿದಂತೆ ಎಂದರೆ ಅದು ಒಪ್ಪಿಗೆಯಾದೀತೆ? ನಮ್ಮಲ್ಲಿ ಬಹುಮಂದಿ ಹಾಗೆ ಹಡಗಿಗೆ ಬಿದ್ದವರೇ. ವರ್ಗದ ಆಜ್ಞೆ, ಹೊಟ್ಟೆಯ ಪಾಡು, ಊರಿನಲ್ಲಿ ಬಾಡಿದ ತೋಟ, ಇವು ನಮ್ಮನ್ನು ಹೊತ್ತು ತಂದಿವೆ. ಬಳ್ಳಾರಿಗೆ ಜೀನ್ಸ್ ಹೊಲಿಯಲು ಬಂದವನನ್ನೋ ಗಣಿಯ ಕೂಲಿಗೆ ಬಂದವನನ್ನೋ ‘ನೀನು ಒಪ್ಪಿ ಬಂದೆ’ ಎಂದು ಕಟ್ಟಿಹಾಕುವುದು ನ್ಯಾಯವಲ್ಲ.

ಹೀಗಿರುವಲ್ಲಿ ನನಗೆ ನಮ್ಮ ಜನರ ಹಳೆಯ ಮಾತೇ ಹೆಚ್ಚು ಸರಿಯೆಂದು ತೋರುತ್ತದೆ. ಊರು ಬಿಡುವವನನ್ನು ಕುರಿತು ‘ಈ ಊರಿನ ಅನ್ನ ನೀರಿನ ಋಣ ತೀರಿತು’ ಎನ್ನುವುದುಂಟು. ಇಲ್ಲಿ ಒಪ್ಪಿಗೆಯ ಪ್ರಸ್ತಾಪವೇ ಇಲ್ಲ. ಮನಸ್ಸಿದ್ದು ಬಂದೆಯೋ ಇಲ್ಲದೆ ಬಂದೆಯೋ ಯಾರೂ ಕೇಳುವುದಿಲ್ಲ. ಪಡೆದಿದ್ದೀಯೆ, ಆದುದರಿಂದ ಸಲ್ಲಬೇಕು. ನನ್ನ ಮಟ್ಟಿಗೆ ಆ ಋಣ ಆರಂಭವಾದ ದಿನವನ್ನು ಬೆರಳಿಟ್ಟು ತೋರಿಸಬಲ್ಲೆ: ಎದುರುಮನೆಯವರು ನಮ್ಮ ಗೇಟು ತಟ್ಟಿದ ಮೊದಲ ರಾತ್ರಿ. ಊರು ನನ್ನದಾಗುವುದಕ್ಕೆ ಎಷ್ಟೋ ಮುಂಚೆಯೇ ನಾನು ಊರಿನ ಸಾಲಗಾರನಾಗಿದ್ದೆ.

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಬಾರದು. ನನಗೆ ಮನೆ ಸುಲಭವಾಗಿ ಸಿಕ್ಕಿತು. ಹೆಸರು ಕೇಳಿದರು, ಮನೆಯಲ್ಲಿ ಏನು ಅಡುಗೆ ಎಂದು ಕೇಳಿದರು, ಬೀಗದ ಕೈ ಕೊಟ್ಟರು. ನನ್ನ ಸಂಗಡಲೇ ಕೆಲಸಕ್ಕೆ ಸೇರಿದ ಒಬ್ಬರು ತಮ್ಮ ಹೆಸರು ಹೇಳಿದ ಕೂಡಲೆ ‘ಮನೆ ಕೊಟ್ಟಾಯಿತು’ ಎಂಬ ಉತ್ತರ ಕೇಳುತ್ತ ತಿಂಗಳುಗಟ್ಟಲೆ ಅಲೆದರು. ಇಂಥದು ಒಂದು ಊರಿನ ಕಥೆಯಲ್ಲ. ನಾಡಿನ ಎಲ್ಲ ಪೇಟೆಗಳ ಕಥೆ. ಗೇಟನ್ನು ಯಾರೂ ತಟ್ಟದೆ ಇದ್ದವನಿಗೆ, ತಟ್ಟಿದ ಗೇಟು ತೆರೆಯದೆ ಇದ್ದವನಿಗೆ, ನೀರಿನ ಋಣದ ಉಪದೇಶ ಮಾಡುವ ಹಕ್ಕು ನನಗಿಲ್ಲ. ಅಲ್ಲಿ ಸಾಲಗಾರರು ಬೇರೆ. ಅವರಲ್ಲಿ ನಾನೂ ಒಬ್ಬ, ಏಕೆಂದರೆ ಆ ದಿನಗಳಲ್ಲಿ ಅವರ ಅಲೆದಾಟವನ್ನು ಕೇಳಿ ‘ಅಯ್ಯೋ ಪಾಪ’ ಎಂದು ಸುಮ್ಮನಾದೆ. ನಮ್ಮ ಮನೆಯ ಯಜಮಾನರಿಗೆ ಒಂದು ಮಾತು ಹೇಳಬಹುದಾಗಿತ್ತು. ‘ನಾನೇ ಹೊಸಬ’ ಎಂಬ ರಜೆಚೀಟಿ ಅಲ್ಲಿಯೂ ಉಪಯೋಗಕ್ಕೆ ಬಂದಿತ್ತು.

ಹಾಗಾದರೆ ತವರನ್ನು ಮರೆಯಬೇಕೆ? ಹೊಸ ಊರಿನವನಾಗುವುದೆಂದರೆ ಹಳೆಯ ಊರಿಗೆ ಎಳ್ಳುನೀರು ಬಿಡುವುದೆಂದು ನನಗನ್ನಿಸುವುದಿಲ್ಲ. ರಂಗಭೂಮಿಯ ರಾಘವರನ್ನು ನೋಡಿ. 1880ರಿಂದ 1946ರ ವರೆಗೆ ಬಾಳಿದ ಆ ಮಹಾನಟರ ಮನೆತನದ ಹೆಸರಿನಲ್ಲಿದ್ದುದು ತಾಡಪತ್ರಿ. ಲೋಕವು ಕೊಂಡಾಡಿದ್ದು ಬಳ್ಳಾರಿ ರಾಘವರನ್ನು. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ನಟಿಸಿದ ಅವರ ಹೆಸರಿನಲ್ಲಿ ಎರಡು ಊರುಗಳು ಜಗಳವಿಲ್ಲದೆ ಇದ್ದುವು. ಎರಡು ಕಡೆ ಸಾಲವಿದ್ದವನು ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳಬಾರದು, ಅಷ್ಟೆ. ಆ ವರ್ಷದಿಂದ ನಾನು ಎರಡು ನಿಯಮ ಮಾಡಿಕೊಂಡೆ. ಓಣಿಯಲ್ಲಿ ಸಾವಾದರೆ ಹೋಗುವುದು. ಊರಿನಲ್ಲಿ ಸಾವಾದರೆ, ಎಲ್ಲ ಮುಗಿದಿದ್ದರೂ, ರಾತ್ರಿಯ ಬಸ್ಸು ಹತ್ತುವುದು. ಎರಡನ್ನೂ ಪೂರ್ತಿಯಾಗಿ ಪಾಲಿಸಿದ್ದೇನೆಂದು ಹೇಳಲಾರೆ.

ಇಷ್ಟಕ್ಕೂ ನನ್ನ ಎರಡು ಊರುಗಳಿಗೆ ನನಗಿಂತ ಮೊದಲೇ ನಂಟು ಬೆಳೆದಿತ್ತು. ತೀರ್ಥಹಳ್ಳಿಯ ಮುಂದೆ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊನ್ನಾಳಿ ಹರಿಹರಗಳನ್ನು ದಾಟಿ, ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಂತು, ಕಾಲುವೆಯಲ್ಲಿ ಸಾಗಿ, ಅಲ್ಲೀಪುರದ ಕೆರೆಗೆ ಬಿದ್ದು ನಮ್ಮ ನಲ್ಲಿಗೆ ಬರುತ್ತಾಳೆ. ಈ ಭೂಗೋಳ ಗೊತ್ತಿದ್ದರೂ ಅದು ನನಗೆ ತಾಗಿದುದು 2024ರ ಆಗಸ್ಟ್ 10ರ ರಾತ್ರಿ. ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ತಡೆ ಕೂಡಿಸುವ ಹೊತ್ತಿಗೆ ಸುಮಾರು ಒಂದು ವಾರ ಹಿಡಿಯಿತು. ತುಂಬಿದ್ದ ಜಲಾಶಯ ಕಣ್ಣೆದುರಿಗೆ ಹರಿದುಹೋಗುತ್ತಿತ್ತು. ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತು ಬೇಸಗೆಯ ಲೆಕ್ಕ ಹಾಕುತ್ತಿದ್ದೆವು. ಆ ದಿನಗಳಲ್ಲಿಯೇ ತಮ್ಮ ಫೋನು ಮಾಡಿ, ‘ಇಲ್ಲಿ ಮಳೆ ಬಿಡುವ ಹಾಗಿಲ್ಲ ಅಣ್ಣ, ತೋಟಕ್ಕೆ ಕೊಳೆ ಬರುತ್ತದೆ’ ಎಂದು ನೊಂದುಕೊಂಡ. ನನ್ನ ಬಾಯಿಂದ ಥಟ್ಟನೆ ಬಂದ ಮಾತು: ‘ಇನ್ನೊಂದಿಷ್ಟು ಬರಲಿ ಮಾರಾಯ, ನಮಗೆ ಇಲ್ಲಿ ಬೇಕು!’ ಆಡಿದ ಮೇಲೆ ನಾಚಿಕೆಯಾಯಿತು. ತಮ್ಮನ ಅಡಕೆಯೂ ನನ್ನ ಕಾಳಜಿಯೇ ಅಲ್ಲವೆ? ಆದರೆ ಆ ‘ನಮಗೆ’ ಎಂಬ ಮಾತನ್ನು ನಾನು ಯೋಚಿಸಿ ಆಡಿರಲಿಲ್ಲ.

ಕಳೆದ ತಿಂಗಳು ನಮ್ಮ ಪಕ್ಕದ ಮನೆಗೆ ಕರಾವಳಿಯ ಕಡೆಯ ಒಂದು ಸಂಸಾರ ಬಂದಿದೆ. ಆತ ಗೇಟಿನ ಬಳಿ ಬೆವರೊರಸಿಕೊಳ್ಳುತ್ತ, ‘ನಿಮ್ಮ ಊರಿನಲ್ಲಿ ನೀರು ಬರುವುದು ತಿಳಿಯುವುದು ಹೇಗೆ?’ ಎಂದು ಕೇಳಿದರು. ‘ಮಲಗಿದ್ದರೆ ನಾನು ಬಂದು ಗೇಟು ತಟ್ಟುತ್ತೇನೆ’ ಎಂದೆ. ಒಳಗೆ ಬಂದು ಕುಳಿತ ಮೇಲೆ ನೆನಪಾಯಿತು, ‘ನಿಮ್ಮ ಊರು’ ಎಂದ ಅವರನ್ನು ನಾನು ತಿದ್ದಿರಲಿಲ್ಲ.