ಆರೋಗ್ಯಕ್ಕೆ ಬೋನಸ್ ಕೊಡಬಹುದೇ?

2022ರ ಏಪ್ರಿಲ್ ತಿಂಗಳಲ್ಲಿ, ವಿಶ್ವ ಆರೋಗ್ಯ ದಿನದ ಸಂದರ್ಭದಲ್ಲಿ, ಬೆಂಗಳೂರಿನ ಷೇರು ವ್ಯವಹಾರ ಸಂಸ್ಥೆ ಝೆರೋಧಾದ ಸ್ಥಾಪಕರಲ್ಲೊಬ್ಬರಾದ ನಿತಿನ್ ಕಾಮತ್ ತಮ್ಮ ನೌಕರರಿಗೊಂದು ಕೊಡುಗೆಯನ್ನು ಪ್ರಕಟಿಸಿದರು. ದೇಹತೂಕದ ಸೂಚ್ಯಂಕ, ಅಂದರೆ ಬಿ.ಎಂ.ಐ., 25ಕ್ಕಿಂತ ಕಡಿಮೆ ಇರುವವರಿಗೆ ಅರ್ಧ ತಿಂಗಳ ಸಂಬಳ ಬೋನಸ್. 25.3 ಇದ್ದ ಎಲ್ಲ ನೌಕರರ ಸರಾಸರಿ ಆಗಸ್ಟ್ ವೇಳೆಗೆ 24ಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಇನ್ನರ್ಧ ತಿಂಗಳ ಸಂಬಳ.

ದಿನವಿಡೀ ಕುಳಿತು ದುಡಿಯುವವರು ಎದ್ದು ನಡೆದಾಡಲಿ ಎಂಬ ಉದ್ದೇಶವನ್ನು ಯಾರು ತಾನೇ ಅಲ್ಲಗಳೆದಾರು? ಆದರೆ ಪ್ರಿಯ ಓದುಗರೇ, ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಮಾರ್ಗವೂ ನ್ಯಾಯವಾದುದು ಎನ್ನಲಾದೀತೇ?

ಈ ಅಳತೆಗೋಲನ್ನೇ ನೋಡಿ. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿ.ಎಂ.ಐ. ದೊರೆಯುತ್ತದೆ. 160 ಸೆಂಟಿಮೀಟರ್ ಎತ್ತರದ ಇಬ್ಬರಲ್ಲಿ 63 ಕಿಲೋ ತೂಗುವವರಿಗೆ ಬೋನಸ್ ಉಂಟು, 65 ಕಿಲೋದವರಿಗೆ ಇಲ್ಲ. 19ನೆಯ ಶತಮಾನದಲ್ಲಿ ಈ ಲೆಕ್ಕವನ್ನು ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟಲೆ ವೈದ್ಯರಲ್ಲ. ಜನಸಮೂಹದ ಸರಾಸರಿಯನ್ನು ಅರಸಿದ ಸಂಖ್ಯಾಶಾಸ್ತ್ರಜ್ಞ. ದೇಹದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ಅದು ತಿಳಿಸದು. ತೆಳ್ಳಗಿರುವವರಲ್ಲೂ ಸಕ್ಕರೆ ಕಾಯಿಲೆಯನ್ನು ಕಾಣುತ್ತೇವೆ. ಥೈರಾಯ್ಡ್ ತೊಂದರೆಯಿಂದಲೋ, ಹೆರಿಗೆಯ ಬಳಿಕವೋ, ಸ್ಟೀರಾಯ್ಡ್ ಔಷಧಿಯಿಂದಲೋ ತೂಕ ಏರಿದವರು ಮಾಡಿದ ತಪ್ಪಾದರೂ ಏನು?

ಸರಾಸರಿಯ ಷರತ್ತಂತೂ ಇನ್ನೂ ಕಠಿಣವಾದುದು. ಪಕ್ಕದ ಮೇಜಿನವರ ತೂಕವು ನಮ್ಮ ಸಂಬಳದ ವಿಷಯವಾಗಿಬಿಡುತ್ತದೆ. ಅವರ ಬುತ್ತಿಯಲ್ಲಿ ಏನಿದೆಯೆಂದು ಸಹೋದ್ಯೋಗಿಗಳ ಕಣ್ಣು ಹುಡುಕತೊಡಗುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಅವರ ತಲೆ ತಾನಾಗಿಯೇ ತಗ್ಗುತ್ತದೆ.

ಇದರಿಂದ ಫಲವಾದರೂ ಉಂಟೇ? ಕೆಲಸಗಾರರ ಆರೋಗ್ಯಕ್ಕೆಂದು ಹಣದ ಆಮಿಷವೊಡ್ಡುವ ಯೋಜನೆಗಳು ಅಮೆರಿಕದಲ್ಲಿ ಹೇರಳ. ಅಲ್ಲಿನ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಸುಮಾರು 5,000 ನೌಕರರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ ಅಧ್ಯಯನ ನಡೆಸಲಾಯಿತು. ಯೋಜನೆಯ ಅವಕಾಶ ಪಡೆದವರ ವೈದ್ಯಕೀಯ ವೆಚ್ಚದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಂದೆ ಬಂದು ಸೇರಿದವರು ಬಹುಮಟ್ಟಿಗೆ ಮೊದಲೇ ಒಳ್ಳೆಯ ರೂಢಿಗಳುಳ್ಳವರು, ಆಸ್ಪತ್ರೆಯ ಖರ್ಚು ಕಡಿಮೆ ಇದ್ದವರು. ಉಳ್ಳವರಿಗೇ ಮತ್ತಷ್ಟು ದೊರೆತಂತಾಯಿತು.

ನಮ್ಮ ಮನೆಗಳ ರೀತಿ ಇದಕ್ಕೆ ವಿರುದ್ಧವಾದುದು. ಜ್ವರ ಬಂದವರಿಗೆ ಮೊದಲು ಗಂಜಿ. ಗಟ್ಟಿಮುಟ್ಟಾಗಿರುವವರ ಊಟ ಆಮೇಲೆ. ಧಣಿಯಾದವನು ತಾಯಿಯಾಗಬೇಕಿಲ್ಲ, ನಿಜ. ಆದರೆ ದುಡಿಮೆಯ ಹೊತ್ತಿಗೊಂದು ಮಿತಿ, ನಡುವೆ ನಡೆದಾಡಲು ಬಿಡುವು, ಎಲ್ಲರಿಗೂ ಉಚಿತ ತಪಾಸಣೆ ಇವು ಅವನ ಕೈಯಲ್ಲಿವೆ. ತಪಾಸಣೆಯ ಫಲಿತಾಂಶ ವೈದ್ಯರಿಗೂ ನೌಕರರಿಗೂ ಮಾತ್ರ ತಿಳಿದಿರಲಿ. ಸಂಬಳ ಸಲ್ಲುವುದು ದುಡಿಮೆಗೆ, ದೇಹದ ತೂಕಕ್ಕಲ್ಲ.

ನಿಮ್ಮ ಮಗನೋ ಮಗಳೋ ದುಡಿಯುವ ಕಚೇರಿಯಲ್ಲಿ ನಾಳೆ ಇಂಥ ಕೊಡುಗೆ ಪ್ರಕಟವಾದೀತು. ಆಗ ಎಷ್ಟು ಸಿಗುತ್ತದೆಂದು ಕೇಳುವ ಮುನ್ನ, ಯಾರಿಗೆ ಸಿಗುವುದಿಲ್ಲವೆಂದು ದಯವಿಟ್ಟು ಕೇಳಿ.